ತೊಂಬತ್ತು ಡಿಗ್ರಿಯಲ್ಲಿ ಒಗೆದ ನಕ್ಷೆ

ಹೋದ ವರ್ಷ ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿರುವ ನನ್ನ ಮನೆ. ಮನೆಯಲ್ಲಿದ್ದವರು ಇಬ್ಬರು: ನಾನು ಮತ್ತು ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಅವಳು ಸ್ನಾನಕ್ಕೆ ಹೋಗಿದ್ದಳು. ಅವಳ ಹಾಸಿಗೆಯ ಕಾಲಬದಿಯಲ್ಲಿದ್ದ ಹೊದಿಕೆ ಮತ್ತು ದಿಂಬಿನ ಕವರುಗಳನ್ನು ಎತ್ತಿಕೊಂಡು ಕೆಳಗೆ ಬಂದು, ನನ್ನವುಗಳ ಜೊತೆ ಸೇರಿಸಿ ಬಟ್ಟೆ ಒಗೆಯುವ ಯಂತ್ರಕ್ಕೆ ತುಂಬಿ, ತೊಂಬತ್ತು ಡಿಗ್ರಿಗೆ ತಿರುಗಿಸಿ ಗುಂಡಿ ಒತ್ತಿದೆ. ಆಗ ಏಳು ಗಂಟೆ ಎಂಟು ನಿಮಿಷ.

ನಾನು ಉಡುಪಿ ಕಡೆಯವಳು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ನರ್ಸ್ ಆಗಿ ಈ ಊರಿಗೆ ಬಂದೆ. ಮೂವತ್ತೆಂಟು ವರ್ಷ ಕೆಲಸ ಮಾಡಿದೆ, ಅದರಲ್ಲಿ ಹೆಚ್ಚಿನ ಕಾಲ ಆಪರೇಷನ್ ಥಿಯೇಟರಿನಲ್ಲಿ. ಬಿಳಿ ಹತ್ತಿಬಟ್ಟೆಯನ್ನು ಕುದಿಯುವ ನೀರಿಗೆ ಹಾಕದಿದ್ದರೆ ಅದನ್ನು ಒಗೆದ ಹಾಗೆ ನನಗೆ ಅನಿಸುವುದಿಲ್ಲ. ಸೋಮವಾರ ಹಾಸಿಗೆಬಟ್ಟೆ, ಬುಧವಾರ ಟವೆಲು, ಶುಕ್ರವಾರ ಉಳಿದದ್ದು. ಬಾಡಿಗೆಗೆ ಬರುವ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿರುತ್ತೇನೆ: ಒಗೆಯಬೇಕಾದದ್ದನ್ನು ಸೋಮವಾರ ಏಳರೊಳಗೆ ಹಾಸಿಗೆಯ ಕಾಲಬದಿಯಲ್ಲಿ ಇಡಬೇಕು, ಅಲ್ಲಿದ್ದದ್ದನ್ನು ನಾನು ಒಯ್ಯುತ್ತೇನೆ, ಮತ್ತೆ ಕೇಳುವುದಿಲ್ಲ. ಇವಳಿಗಿಂತ ಮೊದಲು ಐದು ಜನ ಇದ್ದು ಹೋಗಿದ್ದರು. ಯಾರಿಗೂ ತೊಂದರೆ ಆಗಿರಲಿಲ್ಲ.

ಈ ಹುಡುಗಿ ಧಾರವಾಡದವಳು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು, ನಾಲ್ಕನೆಯ ವರ್ಷ. ಮನುಷ್ಯರು ಕೂತು ಹೋಗಿ, ಮರಳಿ ಬಂದು, ಅದರಲ್ಲಿಯೇ ಮತ್ತೆ ಹೋಗಬಹುದಾದ ಬಾಹ್ಯಾಕಾಶ ನೌಕೆಗಳ ಮೊದಲ ದಿನಗಳು ಅವಳ ವಿಷಯ. ನನ್ನ ಮನೆಯಲ್ಲಿ ಆರೂವರೆಗೆ ಊಟ. ಊಟದ ಮೇಜಿನಲ್ಲಿ ಅವಳು ಹೇಳಿದ್ದನ್ನು ಕೇಳಿ ಕೇಳಿ ನನಗೂ ಒಂದಷ್ಟು ಗೊತ್ತಾಗಿತ್ತು. ಅರವತ್ತರ ದಶಕದಲ್ಲಿ ಅಮೆರಿಕದವರು ಒಂದು ಕಪ್ಪು ಪುಟ್ಟ ವಿಮಾನವನ್ನು ದೊಡ್ಡ ವಿಮಾನದ ರೆಕ್ಕೆಯಡಿ ಕಟ್ಟಿ ಮೇಲಕ್ಕೆ ಒಯ್ದು ಬಿಡುತ್ತಿದ್ದರಂತೆ. ಪೈಲಟ್ ಅಲ್ಲಿಂದ ರಾಕೆಟ್ ಹೊತ್ತಿಸಿ ಆಕಾಶ ಕಪ್ಪಾಗುವಷ್ಟು ಎತ್ತರಕ್ಕೆ ಏರಿ, ಇಂಜಿನ್ ಆರಿದ ಮೇಲೆ ಜಾರಿಕೊಂಡು ಬಂದು ಒಣಗಿದ ಕೆರೆಯ ನೆಲದ ಮೇಲೆ ಇಳಿಯುತ್ತಿದ್ದ. ಮತ್ತೆ ಅದೇ ವಿಮಾನ ಏರುತ್ತಿತ್ತು. ಅದೇ ಕಾಲದಲ್ಲಿ ಭೂಮಿಯನ್ನೇ ಸುತ್ತಿಬರುವಂಥ ರೆಕ್ಕೆಯ ನೌಕೆಯೊಂದನ್ನು ಯೋಚಿಸಿದರು. ಅದು ಹಾರುವ ಮೊದಲೇ ಕೈಬಿಟ್ಟರು.

"ಹಿಂದೆ ಬಂದದ್ದನ್ನ ತೊಳೆಯೋದು ಯಾರು?" ಎಂದು ನಾನು ಒಮ್ಮೆ ಕೇಳಿದ್ದೆ.

ಅವಳು ಚಮಚ ಕೆಳಗಿಟ್ಟು ನಕ್ಕಿದ್ದಳು. "ಆಂಟಿ, ಅದು ರಾಕೆಟ್‌ರೀ, ಪಾತೇಲಿ ಅಲ್ಲ."

"ಎಂತದೇ ಆಗಲಿ ಮಾರಾಯ್ತಿ. ಮಂಗಳೂರಲ್ಲಿ ನಾವು ಟ್ರೈನಿಂಗ್‌ನಲ್ಲಿದ್ದಾಗ ಗಾಜಿನ ಸಿರಿಂಜು, ಕುದಿಸಿ ಕುದಿಸಿ ಬಳಸ್ತಿದ್ದೆವು. ಸೂಜಿ ಮೊಂಡಾದ್ರೆ ಕಲ್ಲಲ್ಲಿ ಉಜ್ಜಬೇಕು. ಕೈಗವಸು ತೂತಾದ್ರೆ ತೇಪೆ ಹಾಕಬೇಕು. ಡಾಕ್ಟರ ಕೆಲಸ ಅರ್ಧ ಗಂಟೆ, ನಮ್ಮದು ಅರ್ಧ ದಿನ."

ಅವಳು ನಗುವುದನ್ನು ನಿಲ್ಲಿಸಿ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮುಂದೆ ಎಂಬತ್ತರ ದಶಕದಲ್ಲಿ ನಿಜವಾಗಿ ಹೋಗಿ ಬರತೊಡಗಿದ ಅಮೆರಿಕದ ನೌಕೆಗೆ ಹೊಟ್ಟೆಯಡಿ ಶಾಖ ತಡೆಯುವ ಸಾವಿರಾರು ಬಿಲ್ಲೆಗಳನ್ನು ಕೈಯಿಂದಲೇ ಅಂಟಿಸುತ್ತಿದ್ದರು, ಪ್ರತಿ ಸಲ ಇಳಿದಾಗಲೂ ಒಂದೊಂದನ್ನೂ ನೋಡಿ ಸರಿಮಾಡುತ್ತಿದ್ದರು ಎಂದು ಹೇಳಿದಳು. ಅದಕ್ಕೆ ನಾನು ಆಶ್ಚರ್ಯಪಡಲಿಲ್ಲ.

ಅವಳ ಪ್ರಬಂಧದ ಮುಖ್ಯ ಅಧ್ಯಾಯ ಮಾತ್ರ ಅಮೆರಿಕದ್ದಲ್ಲ, ಇಲ್ಲಿಯದು. ಅದೇ ಅರವತ್ತರ ದಶಕದಲ್ಲಿ ಲಂಕಾಶೈರಿನ ಒಂದು ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರುಗಳು ಒಂದು ನಕ್ಷೆ ಮಾಡಿದ್ದರು. ಒಂದೇ ಆಕಾರದ ಮೂರು ನೌಕೆಗಳು, ಒಂದಕ್ಕೊಂದು ಒತ್ತಾಗಿ ಜೋಡಿಸಿದವು. ಮೂರೂ ಒಟ್ಟಿಗೆ ನೆಟ್ಟಗೆ ಏಳಬೇಕು. ಎರಡು ತಮ್ಮ ಇಂಧನವನ್ನು ಮೂರನೆಯದಕ್ಕೆ ಕೊಟ್ಟು, ಕಳಚಿಕೊಂಡು, ವಿಮಾನದ ಹಾಗೆ ಬಂದು ಇಳಿಯಬೇಕು. ಮೂರನೆಯದು ಭೂಮಿಯನ್ನು ಸುತ್ತಿ ಆಮೇಲೆ ಬರಬೇಕು. ಅದನ್ನು ಯಾರೂ ಕಟ್ಟಲಿಲ್ಲ. ಆದರೆ ದಾರಿಯಲ್ಲಿ ಕಳಚಿಕೊಳ್ಳುವ ಆ ಎರಡರಲ್ಲಿಯೂ ಪೈಲಟ್ ಇರಬೇಕೆಂದು ಅವರು ಮೊದಲಿನಿಂದಲೇ ಯೋಚಿಸಿದ್ದರು ಎಂಬುದು ಇವಳ ವಾದ. ಮೂವರು ಒಟ್ಟಿಗೆ ಮನೆ ಬಿಟ್ಟು ಬೇರೆ ಬೇರೆ ಹೊತ್ತಿಗೆ ಮನೆ ಸೇರುವುದು. ತಾನು ನೋಡಿದ ಯಾವ ಕಾಗದದಲ್ಲಿಯೂ ಅದು ಖಚಿತವಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಪರೀಕ್ಷಕರೂ ಅದನ್ನೇ ಹಿಡಿದರು. ಸಾಕ್ಷ್ಯ ತೋರಿಸಿ, ಇಲ್ಲವಾದರೆ ವಾದವನ್ನು ಬದಲಾಯಿಸಿ ಎಂದು ಪ್ರಬಂಧವನ್ನು ವಾಪಸು ಕೊಟ್ಟರು. ತಿದ್ದಿ ಕೊಡಲು ಆ ವಾರದ ಶುಕ್ರವಾರ ಕೊನೆಯ ದಿನ. ಅದಾದ ಮೇಲೆ ಇನ್ನೊಂದು ಅವಕಾಶ ಇರಲಿಲ್ಲ.

ಮೂರು ತಿಂಗಳು ಹುಡುಕಿ ಅವಳು ಒಬ್ಬ ಹೆಂಗಸನ್ನು ಪತ್ತೆ ಮಾಡಿದ್ದಳು. ಪ್ರೆಸ್ಟನ್ ಊರಿನಲ್ಲಿರುವ, ನನ್ನದೇ ವಯಸ್ಸಿನ ವಿಧವೆ. ಹದಿನೆಂಟನೆಯ ವಯಸ್ಸಿನಲ್ಲಿ ಆ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದವಳು. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ತೆಳುವಾದದ್ದನ್ನು ಹಾಸಿ ಶಾಯಿಯಲ್ಲಿ ನಕಲು ತೆಗೆಯುವ ಕೆಲಸ. ಭಾನುವಾರ ಹುಡುಗಿ ಅಲ್ಲಿಗೆ ಹೋಗಿದ್ದಳು. ಸಂಜೆ ಬಾಗಿಲು ತೆರೆಯುತ್ತಲೇ "ಸಿಕ್ತರೀ ಆಂಟಿ! ಮೂರರಾಗೂ ಪೈಲಟ್ ಅಂತ ಬರದೈತಿ!" ಎಂದು ಕೂಗಿದಳು. ಸೋಮವಾರ ಹನ್ನೊಂದಕ್ಕೆ ವಿಶ್ವವಿದ್ಯಾಲಯದ ದೊಡ್ಡ ಸ್ಕ್ಯಾನರಿಗೆ ಹೊತ್ತು ಗೊತ್ತುಮಾಡಿದ್ದಳು. ನಾನು ಸಾರು ಬಿಸಿ ಮಾಡುತ್ತಿದ್ದೆ, ಅವಳು ತಂದ ನಕ್ಷೆಯನ್ನು ನೋಡಲು ಹೋಗಲಿಲ್ಲ. ನಕ್ಷೆ ಎಂದರೆ ಕಾಗದ, ಕೊಳವೆಯಲ್ಲಿ ಸುತ್ತಿ ಇಟ್ಟಿರುತ್ತಾಳೆ ಎಂದುಕೊಂಡೆ.

ಅದು ಬಟ್ಟೆ. ಆ ಕಾಲದಲ್ಲಿ ನಯವಾದ ಹತ್ತಿಬಟ್ಟೆಗೆ ದಪ್ಪಗೆ ಗಂಜಿ ಹಾಕಿ, ಗಾಜಿನಂತೆ ಹೊಳೆಯುವ ಹಾಗೆ ತೀಡಿ, ಅದರ ಮೇಲೆ ಶಾಯಿಯಲ್ಲಿ ನಕ್ಷೆ ತೆಗೆಯುತ್ತಿದ್ದರು. ಪ್ರೆಸ್ಟನ್ನಿನ ಹೆಂಗಸು ಅದನ್ನು ಅಷ್ಟು ವರ್ಷ ಒಂದು ದಿಂಬಿನ ಕವರಿನಲ್ಲಿ ಮಡಿಸಿಟ್ಟಿದ್ದಳು. ಹುಡುಗಿ ಅದನ್ನು ಅದೇ ಕವರಿನಲ್ಲಿ ತಂದು, ಮಡಿಕೆ ಬಿಡಲಿ ಎಂದು ಹಾಸಿಗೆಯ ಕಾಲಬದಿಯಲ್ಲಿ ಚಪ್ಪಟೆಯಾಗಿ ಇಟ್ಟು ಮಲಗಿದ್ದಳು.

ಏಳು ನಲವತ್ತಕ್ಕೆ ಮೆಟ್ಟಿಲ ಮೇಲಿಂದ ಕೂಗು ಬಂತು. "ಆಂಟಿ, ಇಲ್ಲಿದ್ದ ಕವರ್ ಎಲ್ಲೋತು?"

"ಯಂತ್ರದಲ್ಲಿ ಉಂಟು."

ಅವಳು ಇಳಿದು ಬಂದದ್ದು ನನಗೆ ಕಾಣಲೇ ಇಲ್ಲ. ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಯಂತ್ರದ ಗಾಜಿಗೆ ಎರಡೂ ಕೈ ಒತ್ತಿದ್ದಳು. "ಅದರಾಗ ನಕ್ಷೆ ಐತ್ರೀ! ತಗೀರಿ! ತಗೀರಿ ಅದನ್ನ!"

ನಾನು ನಿಲ್ಲಿಸುವ ಗುಂಡಿ ಒತ್ತಿದೆ. ನೀರು ಇಳಿಯುವ ತನಕ ಬಾಗಿಲು ಬಿಚ್ಚುವುದಿಲ್ಲ. "ಸ್ವಲ್ಪ ತಡಿ. ಒಳಗೆ ಕುದಿಯುವ ನೀರು ಉಂಟು, ಬಾಗಿಲು ತೆರೀಲಿಕ್ಕೆ ಬರೋದಿಲ್ಲ."

"ಒಡೀರಿ! ಸುತ್ತಿಗಿ ಕೊಡ್ರಿ ನನಗ!"

"ಮೈ ಸುಟ್ಟುಕೊಳ್ತೀ."

"ಸುಡಲಿ!"

ಅವಳು ಬಾಗಿಲ ಹಿಡಿಯನ್ನು ಎರಡೂ ಕೈಯಿಂದ ಜಗ್ಗಿದಳು. ನಾನು ಹಿಂದಿನಿಂದ ಅವಳ ಹೆಗಲು ಹಿಡಿದುಕೊಂಡೆ. ಗಾಜಿನೊಳಗೆ ನೊರೆ ತಿಳಿ ಬೂದುಬಣ್ಣಕ್ಕೆ ತಿರುಗಿತ್ತು. ನೀರು ಇಳಿಯಲು ನಾಲ್ಕು ನಿಮಿಷ, ಬೀಗ ಬಿಡಲು ಇನ್ನೆರಡು. ಆರು ನಿಮಿಷವೂ ಅವಳು ಆ ನೊರೆಯನ್ನೇ ನೋಡುತ್ತಿದ್ದಳು.

ಕವರಿನೊಳಗಿಂದ ಹೊರಬಂದದ್ದು ಮೆತ್ತಗಿನ, ಬೆಳ್ಳಗಿನ ಒಳ್ಳೆಯ ಬಟ್ಟೆ. ಗಂಜಿ ಹೋಗಿತ್ತು, ಗಂಜಿಯ ಮೇಲಿದ್ದ ಶಾಯಿ ಅದರ ಜೊತೆ ಹೋಗಿತ್ತು. ಕಿಟಕಿಗೆ ಹಿಡಿದಾಗ ಒಂದು ಅಂಚಿನಲ್ಲಿ ಬಾಗಿದ ಗೆರೆಯ ನೆರಳು ಕಂಡಿತು, ಅಷ್ಟೆ. ಹುಡುಗಿ ಫೋನಿನಲ್ಲಿ ಭಾನುವಾರ ಒಂದು ಫೋಟೋ ತೆಗೆದಿದ್ದಳು. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆವು. ಹೊಳೆಯುವ ಬಟ್ಟೆಯ ಮೇಲೆ ಆ ಮನೆಯ ಕಿಟಕಿಯ ಬೆಳಕು ಬಿದ್ದು ನಡುಭಾಗವೆಲ್ಲ ಬರೀ ಬಿಳುಪಾಗಿತ್ತು. ದಾರಿಯಲ್ಲಿ ಕಳಚಿಕೊಳ್ಳುವ ಎರಡು ನೌಕೆಗಳನ್ನು ನಕ್ಷೆಯಲ್ಲಿ ಕೆಳಗೆ ತೋರಿಸಿದ್ದರು; ಅವುಗಳ ಮೂತಿಯೂ ಅಲ್ಲಿ ಬರೆದದ್ದೂ ಇದ್ದದ್ದು ಆ ಬಿಳುಪಿನಲ್ಲಿ.

"ನನ್ನದು ತಪ್ಪಾಯ್ತು," ಎಂದೆ.

"ಆತಲ್ಲ. ತೊಳದು ಸ್ವಚ್ಛ ಮಾಡಿದ್ರಲ್ಲ ನನ್ನ ನಾಕು ವರ್ಷಾನ," ಎಂದಳು. ಕೂಗಲಿಲ್ಲ. "ನಿಮ್ಮ ಸೋಮವಾರಕ್ಕ ಬೆಂಕಿ ಹಚ್ಚಲಿ."

ಬಟ್ಟೆಯನ್ನು ಟವೆಲಿನಲ್ಲಿ ಒತ್ತಿ ಒಣಗಿಸಿದೆ. ಅದನ್ನು ಎರವಲು ಕೊಟ್ಟವಳಿಗೆ ಅವತ್ತೇ, ಎದುರಿಗೇ ಹೇಳಬೇಕು, ಫೋನಿನಲ್ಲಿ ಅಲ್ಲ ಎಂದೆ. ಆ ಮನೆಯಲ್ಲಿ ಬೇರೇನಾದರೂ ಉಳಿದಿರಬಹುದು ಎಂಬ ಆಸೆಯೂ ನನಗಿತ್ತು. "ನಾ ಬರಂಗಿಲ್ಲ. ನೀವು ಒಗದೀರಿ, ನೀವ ಹೇಳ್ರಿ," ಎಂದು ಮೇಲೆ ಹೋದವಳು, ನಾನು ಚಪ್ಪಲಿ ಹಾಕಿಕೊಳ್ಳುವಾಗ ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮನಿ ನಂಬರ್ ಗೊತ್ತೇನು ನಿಮಗ?" ಎಂದಳು. ನಾನು ಗೊತ್ತಿಲ್ಲ ಎಂದೆ.

ಸೆಲ್ಲಿ ಓಕ್‌ನಿಂದ ಊರೊಳಗಿನ ರೈಲಿನಲ್ಲಿ ನ್ಯೂ ಸ್ಟ್ರೀಟ್ ನಿಲ್ದಾಣ, ಅಲ್ಲಿಂದ ಪ್ರೆಸ್ಟನ್. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನಾನು ತಂದಿದ್ದ ಉಪ್ಪಿಟ್ಟಿನ ಡಬ್ಬಿ ತೆರೆಯದೆ ಹಾಗೆಯೇ ಇತ್ತು. ಕ್ರೂ ನಿಲ್ದಾಣ ದಾಟಿದ ಮೇಲೆ ಒಂದು ಸಲ ಮಾತಾಡಿದಳು: "ಹತ್ತು ನಿಮಿಷ ನೋಡೇನಿ ಆಂಟಿ. ಕಣ್ಣಾರೆ ನೋಡೇನಿ. ಮೂರು ಸಲ ಓದೇನಿ. ಯಾರು ನಂಬತಾರ?"

ಪ್ರೆಸ್ಟನ್ನಿನ ಹೆಂಗಸು ಇಟ್ಟಿಗೆಯ ಸಾಲುಮನೆಯೊಂದರಲ್ಲಿ ಒಬ್ಬಳೇ ಇದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಕಡೆಯವರು ಗುರುತಿಲ್ಲದವರನ್ನೂ ಲವ್ ಎಂದೇ ಕರೆಯುತ್ತಾರೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿ, ಬಟ್ಟೆಯನ್ನು ಅವಳ ಮೇಜಿನ ಮೇಲೆ ಇಟ್ಟೆ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಎಷ್ಟು ಡಿಗ್ರಿ, ಲವ್?"

"ತೊಂಬತ್ತು."

"ನಾವು ಸ್ನಾನದ ತೊಟ್ಟಿಯಲ್ಲಿ ಒಂದು ದಿನ ನೆನೆಹಾಕುತ್ತಿದ್ದೆವು. ಇಷ್ಟು ಬೆಳ್ಳಗೆ ಬರುತ್ತಿರಲಿಲ್ಲ." ನಗಲು ಹೋದವಳು ಹುಡುಗಿಯ ಮುಖ ನೋಡಿ ನಿಲ್ಲಿಸಿದಳು.

ಹುಡುಗಿ ಕೇಳಿದಳು: "ನೆನೆಹಾಕುತ್ತಿದ್ದಿರಾ? ಏನನ್ನು?"

"ಇವನ್ನೇ. ಆ ಕೆಲಸ ಬೇಡ ಎಂದು ಮೇಲಿನವರು ಹೇಳಿದ ಮೇಲೆ ಬೀರುಗಳನ್ನು ಖಾಲಿ ಮಾಡಿಸಿದರು. ಹಳೆಯ ನಕ್ಷೆಗಳನ್ನು ಟ್ರೇಸರ್ ಹುಡುಗಿಯರು ಹಂಚಿಕೊಂಡೆವು. ಅಷ್ಟು ನಯವಾದ ಬಟ್ಟೆ ನಮಗೆ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಗಂಜಿ ತೆಗೆದು ಕರ್ಚೀಫು ಹೊಲಿಯುತ್ತಿದ್ದೆವು. ನನ್ನ ಅಕ್ಕನ ಮಗುವಿಗೆ ನಾಮಕರಣದ ಅಂಗಿ ಹೊಲಿದೆ."

"ನಿಮಗೆ ಎಷ್ಟು ಬಂದಿದ್ದವು?"

"ಒಂಬತ್ತು. ಎಂಟನ್ನು ಒಗೆದೆ. ಇದೊಂದನ್ನು ಶಾಯಿಯಲ್ಲಿ ತೆಗೆಯಲು ನನಗೆ ಮೂರು ವಾರ ಹಿಡಿದಿತ್ತು, ಒಗೆಯಲು ಮನಸ್ಸು ಬರಲಿಲ್ಲ."

ಹುಡುಗಿ ಕುರ್ಚಿಯಲ್ಲಿ ಕೂತಳು. "ಎಂಟ?" ಎಂದಳು, ನನ್ನ ಕಡೆ ತಿರುಗಿ, ಕನ್ನಡದಲ್ಲಿ. "ಎಂಟೂ ಇದ್ದೂವಂತ ಆಂಟಿ. ಇದ ಮನ್ಯಾಗ." ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು, ಬೆಳಿಗ್ಗೆಯಿಂದ ಮೊದಲ ಸಲ. ಆ ಹೆಂಗಸಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. "ಅದು ಯಾರಿಗಾದರೂ ಬೇಕಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ, ಲವ್," ಎಂದಳು. "ಕಾರ್ಖಾನೆಯವರಿಗೇ ಬೇಕಿರಲಿಲ್ಲ."

ನಾನು ಕಾಗದ ಪೆನ್ನು ತೆಗೆದೆ. ನೆನಪಿದ್ದಷ್ಟನ್ನು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ಅವಳು ಹೇಳಿದಳು. ಮೂರರಲ್ಲೂ ಮೂತಿಯ ಹತ್ತಿರ ಕಿಟಕಿ ಇತ್ತು. ಮೂರನೆಯ ಕಿಟಕಿಗೆ ಶಾಯಿಯ ಹನಿ ಬಿದ್ದು, ಬ್ಲೇಡಿನಿಂದ ಕೆರೆದು ತೆಗೆದಿದ್ದಳು, ಮೇಲ್ವಿಚಾರಕಿಗೆ ಗೊತ್ತಾಗಲಿಲ್ಲ.

"ಅಲ್ಲಿ ಪೈಲಟ್ ಎಂದು ಬರೆದಿತ್ತೇ?" ಹುಡುಗಿ ಕಣ್ಣೊರೆಸಿಕೊಂಡು ಮೇಜಿಗೆ ಬಾಗಿದಳು. "ಕೆಳಗಿನ ಎರಡರಲ್ಲಿ? ದಯವಿಟ್ಟು ಯೋಚಿಸಿ."

ಆ ಹೆಂಗಸು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹೌದು ಎಂದುಬಿಡು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಒಂದು ಮಾತು, ಕೆಳಗೆ ಒಂದು ಸಹಿ. ಅದನ್ನು ಅಲ್ಲಗಳೆಯುವವರು ಯಾರೂ ಉಳಿದಿರಲಿಲ್ಲ.

"ಅಕ್ಷರ ಬರೆಯುತ್ತಿದ್ದದ್ದು ಬೇರೆ ಹುಡುಗಿ," ಎಂದಳು. "ನಾನು ಕೆಳಗಿದ್ದ ಗೆರೆಯ ಮೇಲೆ ಗೆರೆ ಎಳೆದವಳು. ಕಿಟಕಿಯ ಹಿಂದೆ ಯಾರು ಕೂರುತ್ತಾರೆ ಎಂದು ನಮಗೆ ಹೇಳುವ ಪದ್ಧತಿ ಇರಲಿಲ್ಲ. ಇತ್ತು ಎಂದು ಹೇಳಿದರೆ ನಿನಗೆ ಅನುಕೂಲ, ಅದು ನನಗೆ ಗೊತ್ತು. ಆದರೆ ನನಗೆ ಗೊತ್ತಿಲ್ಲ, ಲವ್."

ಕಿಟಕಿ ಎಂದಷ್ಟೇ ಬರೆದು ಓದಿ ಹೇಳಿದೆ. ಅವಳು ಸಹಿ ಹಾಕಿದಳು. ಬಟ್ಟೆ ವಾಪಸು ಬೇಡ ಎಂದಳು. ಹುಡುಗಿಯೂ ಅದನ್ನು ಮುಟ್ಟಲಿಲ್ಲ. ಕೊನೆಗೆ ನಾನೇ ಚೀಲಕ್ಕೆ ಹಾಕಿಕೊಂಡೆ.

ಪ್ರೆಸ್ಟನ್ ನಿಲ್ದಾಣದ ಬೆಂಚಿನಲ್ಲಿ ಕೂತು ಹುಡುಗಿ ತನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದಳು. ನನಗೂ ಕೇಳುವ ಹಾಗೆ ಇಟ್ಟಳು. ಅವರು ಒಳ್ಳೆಯ ಮನುಷ್ಯ. ಮೊದಲು ಅವಳ ಆರೋಗ್ಯ ಕೇಳಿದರು. ಆಮೇಲೆ ಹೇಳಿದರು: ನೀನು ನೋಡಿದ್ದು ನಿಜ ಎಂದು ನಾನು ನಂಬುತ್ತೇನೆ, ಪರೀಕ್ಷಕರಿಗೆ ನನ್ನ ನಂಬಿಕೆ ಸಾಲದು. ಕೆಳಗಿನ ಎರಡರಲ್ಲಿ ಪೈಲಟ್ ಇದ್ದ ಎಂದು ಎಲ್ಲೆಲ್ಲಿ ಹೇಳಿದ್ದೀಯೋ ಅಲ್ಲೆಲ್ಲ ಅದನ್ನು ತೆಗೆ. ಒಂದು ಕಡೆ ಉಳಿದರೂ ಅವರು ಅದನ್ನೇ ಹಿಡಿಯುತ್ತಾರೆ. ಟ್ರೇಸರಿನ ಹೇಳಿಕೆಯನ್ನು ಹೇಳಿಕೆ ಎಂದೇ ಸೇರಿಸು. ಪಾಸಾಗಬಹುದು. ಆಗುತ್ತದೆ ಎಂದು ಮಾತು ಕೊಡಲಾರೆ.

"ತಗದ್ರ ಏನುಳೀತೈತಿ ಅದರಾಗ?" ಎಂದಳು ಫೋನ್ ಇಟ್ಟ ಮೇಲೆ. "ಮಂದಿ ಆಗಲೇ ಬರದದ್ದನ್ನ ನಾನೂ ಬರದಂಗ ಆತು. ಶುಕ್ರವಾರ ಕೊಡಾಕ ಹೋಗಂಗಿಲ್ಲ ನಾ. ಊರಿಗೆ ಹೋಗತೇನಿ."

"ಹೋಗು," ಎಂದೆ. "ಕೊಟ್ಟು ಹೋಗು."

"ನಿಮಗೇನ್ರಿ, ಹೇಳಾಕ."

"ನನಗೆ ಏನೂ ಇಲ್ಲ. ಆದ್ರೆ ಇವತ್ತಿನ ಕೆಲಸ ಇನ್ನೂ ಉಂಟು. ಅದನ್ನ ಇಬ್ಬರು ಕೂತು ಮಾಡುವಂಥದ್ದು."

ಐದೂಮುಕ್ಕಾಲಿಗೆ ಮನೆ ಸೇರಿದೆವು. ಆ ದಿನ ಮಾತ್ರ ಆರೂವರೆಯ ಊಟವನ್ನು ಬಿಟ್ಟೆ. ಊಟದ ಮೇಜಿನ ಮೇಲೆ ಪ್ರಬಂಧದ ಮುದ್ರಿತ ಪ್ರತಿ ಇಟ್ಟೆವು, ಅದರ ಪಕ್ಕ ಅವಳ ಲ್ಯಾಪ್‌ಟಾಪ್. ಒಂದೇ ಮಾತನ್ನು ಅವಳು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದಳು, ಹಾಗಾಗಿ ಲ್ಯಾಪ್‌ಟಾಪಿಗೆ ಹುಡುಕಲು ಹೇಳಿದರೆ ಎಲ್ಲವೂ ಸಿಗುತ್ತಿರಲಿಲ್ಲ. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮೊದಲು ಇಬ್ಬರು ನರ್ಸುಗಳು ಒಟ್ಟಿಗೆ, ಗಟ್ಟಿಯಾಗಿ, ಕೈಯಿಟ್ಟು ತೋರಿಸುತ್ತ ಬಟ್ಟೆತುಂಡುಗಳನ್ನೂ ಸೂಜಿಗಳನ್ನೂ ಎಣಿಸುತ್ತಾರೆ. ಮೊದಲಿನ ಲೆಕ್ಕಕ್ಕೂ ಕೊನೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಎಂಥ ದೊಡ್ಡ ಸರ್ಜನ್ ಆದರೂ ಹೊಲಿಯುವಂತಿಲ್ಲ. ಅದನ್ನೇ ಮಾಡೋಣ ಎಂದೆ.

"ಹೆಣ ಕೊಯ್ಯೋದಕ್ಕೂ ಎಣಿಸ್ತೀರೇನ್ರಿ?" ಎಂದಳು. ಆದರೆ ಪೆನ್ಸಿಲ್ ತೆಗೆದುಕೊಂಡಳು.

ಮೊದಲ ಸುತ್ತಿನಲ್ಲಿ ಆ ಮೂರು ನೌಕೆಗಳ ಮಾತು ಬರುವ ಪುಟಗಳನ್ನಷ್ಟೇ ನಾನು ಓದಿದೆ, ಅವಳು ಗುರುತು ಹಾಕಿದಳು, ಇಬ್ಬರೂ ಎಣಿಸಿದೆವು. ಮೂವತ್ತೇಳು ಕಡೆ. ಎರಡನೆಯ ಸುತ್ತಿನಲ್ಲಿ ಅವಳು ತೆಗೆಯುತ್ತ ಹೋದಳು. ಕೆಲವನ್ನು ಥಟ್ಟನೆ ತೆಗೆದಳು. ಕೆಲವು ಕಡೆ ಒಂದು ವಾಕ್ಯ ಹೋದರೆ ಇಡೀ ಪುಟ ಕುಸಿಯುತ್ತಿತ್ತು. ಅಲ್ಲಿ ಕೈ ಕಟ್ಟಿ ಕೂರುತ್ತಿದ್ದಳು. ನಾನು ಕಾಯುತ್ತಿದ್ದೆ. ಒಂದು ಪುಟದಲ್ಲಿ ನನ್ನ ಸಿರಿಂಜಿನ ಮಾತು ಇತ್ತು, ಅವಳ ಮನೆಯೊಡತಿ ಹೇಳಿದ್ದು ಎಂದು. ಅದನ್ನು ಓದಿ ಮುಂದೆ ಹೋದೆ.

ಕೊನೆಗೆ ತೆಗೆದವುಗಳನ್ನು ಎಣಿಸಿದಾಗ ಮೂವತ್ತಾರು.

"ಸಾಕ್ರೀ ಆಂಟಿ. ಒಂದು ಎಲ್ಲೋ ತಪ್ಪಿರಬೇಕು ಎಣಿಸೂದ್ರಾಗ."

"ತಪ್ಪಿಲ್ಲ. ಒಳಗೆ ಒಂದು ಉಳಿದಿದೆ."

ಮತ್ತೆ ಮೊದಲಿನಿಂದ ನೋಡಿದೆವು. ಅದು ಮೊದಲ ಪುಟದಲ್ಲಿಯೇ ಇತ್ತು, ಪ್ರಬಂಧದ ಮೊದಲ ವಾಕ್ಯ. ಮೂವರು ಒಟ್ಟಿಗೆ ಹೊರಟು ಮೂರು ಹೊತ್ತಿಗೆ ಮರಳಬೇಕಾಗಿದ್ದ ಒಂದು ಪ್ರಯಾಣದಿಂದ ಈ ಇತಿಹಾಸ ಶುರುವಾಗುತ್ತದೆ ಎಂದು ಬರೆದಿದ್ದಳು. ಗುರುತು ಹಾಕಿದ್ದವಳು ಅವಳೇ. ಎರಡನೆಯ ಸುತ್ತಿನಲ್ಲಿ ಆ ಹಾಳೆಯನ್ನು ಮುಟ್ಟದೆ ಮುಂದೆ ಹೋದವಳೂ ಅವಳೇ.

"ಇದನ್ನ ಮೊದಲನೇ ವರ್ಷದಾಗ ಬರದಿದ್ದೆ," ಎಂದಳು. "ಉಳದದ್ದೆಲ್ಲ ಆಮ್ಯಾಲೆ ಬಂತು."

ಹೊರಗೆ ಇನ್ನೂ ಬೆಳಕಿತ್ತು. ನಾನು ಬೆರಳನ್ನು ಆ ಸಾಲಿನ ಮೇಲೆ ಇಟ್ಟೆ, ನಿಯಮದಂತೆ. ಅವಳು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡು, ಆ ವಾಕ್ಯವನ್ನು ಒಂದೊಂದೇ ಅಕ್ಷರವಾಗಿ ಹಿಂದಿನಿಂದ ಅಳಿಸಿದಳು.

"ಮೂವತ್ತೇಳು," ಎಂದೆ.

ಇಬ್ಬರೂ ಹೇಳದೆ ಲೆಕ್ಕ ಮುಗಿಯುವುದಿಲ್ಲ, ಕಾದೆ.

"ಮೂವತ್ತೇಳು," ಎಂದಳು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪೆನ್ಸಿಲುಗಳನ್ನು ಡಬ್ಬಿಗೆ ಹಾಕಿದೆ.